ಗಾಯಕನ ಹೆಂಡತಿ ನಿಂತ ಜಾಗ

ಮೂರು ತಲೆಯ ನಾಯಿಯೊಂದು ಬೊಗಳುವುದನ್ನು ಒಮ್ಮೆ ಬಿಡಿಸಿ ನೋಡಿ, ಆಮೇಲೆ ನನ್ನ ಸಿಟ್ಟಿನ ಬಗ್ಗೆ ಮಾತಾಡಿ. ಒಂದು ತಲೆ ಬಾಯಿ ತೆರೆಯುವಾಗ ಇನ್ನೊಂದು ಮುಚ್ಚುತ್ತಿರಬೇಕು, ಮೂರನೆಯದು ಜೊಲ್ಲು ನುಂಗುತ್ತಿರಬೇಕು. ನಮ್ಮ ಯಜಮಾನರು, ಅಂದರೆ ನನ್ನ ಗಂಡ, ಎರಡೇ ಚಿತ್ರ ಬಿಡಿಸಿ ಕೈತೊಳೆದುಕೊಂಡರು. ಬಾಯಿ ಮುಚ್ಚಿದ ನಾಯಿ ಒಂದು, ಬಾಯಿ ತೆರೆದ ನಾಯಿ ಒಂದು. ಮುಚ್ಚಿದ ಬಾಯಿ ತೆರೆಯುವವರೆಗಿನ ರಾಮಾಯಣವೆಲ್ಲ ನನ್ನ ತಲೆಗೆ ಬಂತು.

ಕೈಯಲ್ಲಿ ಬಿಡಿಸುವ ಕಾರ್ಟೂನ್ ಚಿತ್ರಗಳಲ್ಲಿ ಕೆಲಸ ಹಂಚಿಕೊಳ್ಳುವ ರೀತಿಯೇ ಇದು. ಪಾತ್ರ ಎಲ್ಲಿಂದ ಹೊರಡುತ್ತದೆ, ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವ ಮುಖ್ಯ ಚಿತ್ರಗಳನ್ನು ಬಿಡಿಸುವವರು ದೊಡ್ಡವರು. ಅದಕ್ಕೆ ಕೀ ಅನ್ನುತ್ತೇವೆ. ಆ ಎರಡರ ನಡುವಿನ ಅಷ್ಟೂ ಚಿತ್ರಗಳನ್ನು, ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತ ಬಿಡಿಸುವವರು ಇನ್‌ಬಿಟ್ವೀನ್‌ನವರು. ಪರದೆಯ ಮೇಲೆ ಪಾತ್ರ ನಡೆದ ಹಾಗೆ, ಉಸಿರಾಡಿದ ಹಾಗೆ ಕಾಣುವುದು ಈ ನಡುವಿನ ಹಾಳೆಗಳಿಂದ. ಅವಿಲ್ಲದಿದ್ದರೆ ಪಾತ್ರ ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷವಾಗುತ್ತದೆ, ಅಷ್ಟೆ. ಸ್ಟುಡಿಯೋದಲ್ಲಿ ನಮ್ಮ ಯಜಮಾನರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ನನ್ನನ್ನು ನಡುವಿನಕ್ಕ ಅನ್ನುತ್ತಿದ್ದರು. ಮೊದಮೊದಲು ನನಗೂ ನಗು ಬರುತ್ತಿತ್ತು.

ನಾಯಿ ಕಾಯುತ್ತಿದ್ದದ್ದು ಪಾತಾಳದ ಬಾಗಿಲನ್ನು. ಗ್ರೀಕರ ಹಳೆಯ ಕಥೆ. ಹಾವು ಕಚ್ಚಿ ಸತ್ತ ಹೆಂಡತಿಯನ್ನು ಮರಳಿ ತರಲು ಒಬ್ಬ ಗಾಯಕ ಸತ್ತವರ ಲೋಕಕ್ಕೆ ಇಳಿಯುತ್ತಾನೆ. ಅವನ ಹಾಡಿಗೆ ನಾಯಿ ಮಲಗುತ್ತದೆ, ಅಂಬಿಗ ದೋಣಿ ಬಿಡುತ್ತಾನೆ, ಸತ್ತವರ ರಾಜ ಕೂಡ ಮೂಗು ಒರೆಸಿಕೊಳ್ಳುತ್ತಾನೆ. ಹೆಂಡತಿಯನ್ನು ಕರೆದುಕೊಂಡು ಹೋಗು, ಅವಳು ನಿನ್ನ ಹಿಂದೆ ಬರುತ್ತಾಳೆ, ಬೆಳಕು ಮುಟ್ಟುವ ತನಕ ತಿರುಗಿ ನೋಡಬೇಡ ಅನ್ನುತ್ತಾನೆ. ಗಾಯಕ ತಿರುಗಿ ನೋಡುತ್ತಾನೆ. ಹೆಂಡತಿ ಹೋಗುತ್ತಾಳೆ. ನಮ್ಮ ನಿರ್ದೇಶಕರು ಇದನ್ನು ಮಕ್ಕಳ ಸಾಹಸಚಿತ್ರ ಮಾಡಿದ್ದರು, ಆಮೆ ಚಿಪ್ಪಿನ ತಂತಿವಾದ್ಯಕ್ಕೆ ಬಾಯಿ ಕೊಟ್ಟು ದಾರಿಯುದ್ದಕ್ಕೂ ಜೋಕು ಹೇಳಿಸಿದ್ದರು. ಆ ಆಮೆಗೂ ಒಂದು ಹೆಸರಿತ್ತು. ಹೆಂಡತಿಗೆ ಚಿತ್ರಕಥೆಯಲ್ಲಿ ಇದ್ದದ್ದು 'ಗಾಯಕನ ಹೆಂಡತಿ' ಅಂತ ಮಾತ್ರ.

ಒಂದು ಮಧ್ಯಾಹ್ನ ಸ್ಟುಡಿಯೋ ಮೆಟ್ಟಿಲ ಮೇಲೆ ಚಹಾ ಕುಡಿಯುವಾಗ ಇವರು ಇದ್ದಕ್ಕಿದ್ದ ಹಾಗೆ ಹೇಳಿದರು.

"ಕೊನೆ ಸೀನಲ್ಲಿ ಹೆಂಡತಿ ಪಾತ್ರದ ಕೀ ನೀನೇ ಮಾಡು. ಗಾಯಕ ನನಗಿರಲಿ. ನಿರ್ದೇಶಕರ ಹತ್ರ ನಾನು ಮಾತಾಡ್ತೀನಿ."

"ನಿಜವಾಗ್ಲೂನಾ?"

"ಟೈಟಲ್‌ನಲ್ಲಿ ಕೀ ಆರ್ಟಿಸ್ಟ್ ಅಂತ ನಿನ್ನ ಹೆಸರೂ ಬರುತ್ತೆ. ನನ್ನ ಹೆಸರಿನ ಪಕ್ಕದಲ್ಲೇ."

ಹಿಂದೆ ಹಿಂದೆ ನಡೆದು ಬರುವ ಹೆಂಗಸನ್ನು ಬಿಡಿಸಲು ಅವರಿಗೆ ಬೇಜಾರಾಗಿತ್ತು, ಅದಕ್ಕೇ ನನಗೆ ದಾಟಿಸಿದರು ಅನ್ನುವುದು ನನಗೆ ಆಗಲೇ ಗೊತ್ತಿತ್ತು. ಆದರೂ ಆ ದಿನ ನಾನು ನೆಲದ ಮೇಲೆ ಇರಲಿಲ್ಲ. ಮದುವೆಗೂ ಮೊದಲಿನಿಂದ ಈ ಕೆಲಸದಲ್ಲಿದ್ದೇನೆ. ನನಗೆ ಬೇಕಾಗಿದ್ದದ್ದು ಇದೊಂದೇ. ಚಿತ್ರದ ಮೊದಲಿಗೆ, ಜನ ಇನ್ನೂ ಕುರ್ಚಿಯಲ್ಲಿ ಕೂತಿರುವಾಗ, ಕೀ ಬಿಡಿಸಿದವರ ಜೊತೆ ನನ್ನ ಹೆಸರು ಬರಬೇಕು. ಇನ್‌ಬಿಟ್ವೀನ್‌ನವರ ಹೆಸರು ಕೊನೆಗೆ ಬರುತ್ತದೆ, ಜನ ಚಪ್ಪಲಿ ಹುಡುಕುತ್ತಿರುವಾಗ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಏನನ್ನು ಬಿಡಿಸಬೇಕೋ ಅದನ್ನು ಮೊದಲು ನಾವೇ ಮಾಡಿ ನೋಡುತ್ತೇವೆ. ಮೇಜಿನ ಮೇಲೆ ಕನ್ನಡಿ ಇಟ್ಟುಕೊಂಡು ಹಲ್ಲು ಕಿರಿಯುತ್ತೇವೆ, ಫೋನಿನ ಮುಂದೆ ಕುಂಟುತ್ತೇವೆ, ಬೀಳುತ್ತೇವೆ. ಹೊರಗಿನವರು ನೋಡಿದರೆ ತಲೆ ಕೆಟ್ಟಿದೆ ಅನ್ನಬೇಕು. ಹಾಗೆ ಒಂದು ಭಾನುವಾರ ಮನೆಯೊಳಗಿನ ಉದ್ದನೆಯ ಪ್ಯಾಸೇಜಿನಲ್ಲಿ ನಾವಿಬ್ಬರೂ ಪಾತಾಳದಿಂದ ಮೇಲೆ ಬರುವುದು ಅಂತ ಆಯಿತು. ಮಲಗುವ ಕೋಣೆಯ ಬಾಗಿಲು ಸತ್ತವರ ಲೋಕ, ಅಡುಗೆಮನೆಯ ಕಿಟಕಿ ಬೆಳಕು. ಚಪ್ಪಲಿ ಗೂಡಿನ ಮೇಲೆ ಫೋನು ನಿಲ್ಲಿಸಿ ವಿಡಿಯೋ ಆನ್ ಮಾಡಿದೆ. ನಡುವೆ ಕುರ್ಚಿ ಹಾಕಿಕೊಂಡು ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ನಾನು ಹಿಂದೆ ಬರ್ತಿರ್ತೀನಿ. ನೀವು ಮುಂದೆ ನಡೀರಿ," ಅಂದೆ. "ನಾನು ಇದ್ದೀನೋ ಇಲ್ವೋ ಅಂತ ತಡೆಯೋಕಾಗ್ದೇ ಇದ್ದಾಗ ತಿರುಗಿ. ಲೆಕ್ಕ ಹಾಕ್ಬೇಡಿ. ನಿಜವಾಗ್ಲೂ ಅನ್ನಿಸ್ದಾಗ ತಿರುಗಿ."

"ಸರಿ ಸರಿ, ಗೊತ್ತು ನನಗೆ," ಅಂದರು.

ನಡೆದರು. ನಾನು ಹಿಂದೆ ಹೊರಟೆ. ಅವರ ಬೆನ್ನು ನೋಡುತ್ತ, ಈಗ ತಿರುಗುತ್ತಾರೆ, ಈಗ ತಿರುಗುತ್ತಾರೆ ಅಂದುಕೊಳ್ಳುತ್ತ ಅತ್ತೆಯ ಕುರ್ಚಿಯನ್ನೂ ದಾಟಿದೆ. ಇವರು ಅಡುಗೆಮನೆಗೆ ಹೋದರು, ಫ್ರಿಜ್ ತೆರೆದರು, ನೀರಿನ ಬಾಟಲಿ ಎತ್ತಿ ಗಟಗಟ ಕುಡಿದರು. ಆಮೇಲೆ ಕಿಟಕಿಯಿಂದ ಕೆಳಗೆ ಬಗ್ಗಿ, ತಮ್ಮ ಕಾರಿನ ಹಿಂದೆ ಯಾರೋ ಸ್ಕೂಟರ್ ನಿಲ್ಲಿಸಿದ್ದಾರೆ ಅಂತ ಗೊಣಗಿದರು. ನಾನು ಎಲ್ಲಿ ನಿಂತುಬಿಟ್ಟೆ ಅನ್ನುವುದು ನನಗೇ ತಿಳಿಯಲಿಲ್ಲ. ಪ್ಯಾಸೇಜಿನ ನಡುವೆ, ಒಂದು ಕಾಲು ಮುಂದೆ ಇಟ್ಟು, ಇನ್ನೊಂದರ ಹಿಮ್ಮಡಿ ಎತ್ತಿಕೊಂಡು ಹಾಗೇ ನಿಂತಿದ್ದೆ.

"ತಿರುಗೋಕೆ ಮರ್ತೇಬಿಟ್ಟೆ ನೋಡು," ಅಂದರು ಇವರು ಅಲ್ಲಿಂದಲೇ. "ಇರ್ಲಿ ಬಿಡು, ಅದೆಲ್ಲ ನನಗೆ ಕೈಯಲ್ಲೇ ಬರುತ್ತೆ."

ಅತ್ತೆ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ. "ಅವನು ತಿರುಗಲ್ಲ ಕಣೇ," ಅಂದರು. "ಚಿಕ್ಕವನಿದ್ದಾಗ್ಲೂ ಅಷ್ಟೇ. ಬೇರೆ ಮಕ್ಕಳೆಲ್ಲ ಸ್ಕೂಲ್ ಗೇಟಲ್ಲಿ ಅಮ್ಮ ಅಮ್ಮ ಅಂತ ಹಿಂದೆ ನೋಡ್ಕೊಂಡು ಅಳ್ತಿದ್ವು. ಇವನು ಒಳಗೆ ಹೋದ ಅಂದ್ರೆ ಹೋದ. ಧೈರ್ಯಸ್ಥ ಅಂದ್ಕೊಂಡು ಊರೆಲ್ಲ ಹೇಳ್ಕೊಂಡು ಬಂದೆ. ಧೈರ್ಯ ಎಲ್ಲಿ ಬಂತು, ನಾನು ನಿಂತಿದ್ದೀನಿ ಅನ್ನೋದೇ ಅವನಿಗೆ ನೆನಪಿರ್ತಿರ್ಲಿಲ್ಲ."

ಅತ್ತೆಯ ಮಾತಿಗೆ ನಾನು ನಕ್ಕೆ. ನಗುತ್ತಲೇ ಹೋಗಿ ಫೋನು ಎತ್ತಿಕೊಂಡೆ.

ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ. ನೋಡಿ ನೋಡಿ ಗಾಯಕನ ಹೆಂಡತಿ ನನಗೆ ಗೊತ್ತಾದಳು. ಎಲ್ಲರೂ ಅವಳನ್ನು ಬಿಡಿಸುವುದು ಒಂದೇ ರೀತಿ. ಗಂಡ ತಿರುಗಿದ ಕೂಡಲೇ ಅವಳು ಎರಡೂ ಕೈ ಚಾಚಿ, ಕೂದಲು ಹಾರಿಸಿಕೊಂಡು ಕತ್ತಲೆಗೆ ಜಾರಿ ಬೀಳುತ್ತಾಳೆ. ತಪ್ಪು ಅವನದು, ಬೀಳುವುದು ಇವಳು. ನಾನು ಹಾಗೆ ಬಿಡಿಸಲಿಲ್ಲ. ನನ್ನ ಹೆಂಡತಿ ಅವನು ತಿರುಗುವುದಕ್ಕೆ ಮೊದಲೇ ನಿಲ್ಲುತ್ತಾಳೆ. ಒಂದು ಕಾಲು ಮುಂದೆ, ಇನ್ನೊಂದರ ಹಿಮ್ಮಡಿ ಎತ್ತಿದ ಹಾಗೆ. ಅವನು ಇನ್ನೂ ಹೋಗುತ್ತಿರುತ್ತಾನೆ. ಅವಳು ಆ ಬೆನ್ನನ್ನು ನೋಡುತ್ತಾಳೆ, ಎತ್ತಿದ ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕಿಳಿಸುತ್ತಾಳೆ. ಇಷ್ಟೇ. ಅಳುವುದಿಲ್ಲ, ಕೈ ಚಾಚುವುದಿಲ್ಲ. ಆಮೇಲೆ ಅವನು ತಿರುಗುತ್ತಾನೆ.

ಗಾಯಕ ಒಂದು ಹಾಳೆಯಲ್ಲಿ, ಹೆಂಡತಿ ಇನ್ನೊಂದು ಹಾಳೆಯಲ್ಲಿ ಇರುತ್ತಾರೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಕ್ಯಾಮೆರಾದಲ್ಲಿ ಹಿಡಿದು, ಬಣ್ಣ ಹಾಕುವ ಮೊದಲು ಓಡಿಸಿ ನೋಡುತ್ತೇವೆ. ಅದಕ್ಕೆ ಪೆನ್ಸಿಲ್ ಟೆಸ್ಟ್ ಅನ್ನುತ್ತೇವೆ. ಇವರು ತಮ್ಮ ಗಾಯಕನನ್ನು ಬಿಡಿಸಿ ಮುಗಿಸಿದ್ದರು, ನನ್ನ ಹಾಳೆಗಳನ್ನು ಬಿಚ್ಚಿಯೂ ನೋಡಿರಲಿಲ್ಲ. "ನಡೆದು ಬರ್ತಾಳೆ ತಾನೆ, ಅದರಲ್ಲಿ ನೋಡೋದೇನಿದೆ," ಅಂದಿದ್ದರು. ಹಾಗಾಗಿ ಆ ಸೀನನ್ನು ಅವರೂ ಮೊದಲ ಸಲ ನೋಡಿದ್ದು ಟೆಸ್ಟ್ ಕೋಣೆಯಲ್ಲಿ, ನಿರ್ದೇಶಕರ ಜೊತೆಗೇ.

ಸೀನು ಓಡಿತು. ಹೆಂಡತಿ ನಿಂತಳು. ಗಾಯಕ ಮೂರು ನಾಲ್ಕು ಹೆಜ್ಜೆ ಒಬ್ಬನೇ ಹೋದ, ತಿರುಗಿದ. ಬಣ್ಣದ ವಿಭಾಗದ ಹುಡುಗಿ ಕಣ್ಣು ಒರೆಸಿಕೊಂಡಳು. ನಿರ್ದೇಶಕರು ಇನ್ನೊಂದು ಸಲ ಓಡಿಸಲು ಹೇಳಿದರು, ಆಮೇಲೆ ಮತ್ತೊಂದು ಸಲ.

"ಅವಳ ಹೆಜ್ಜೆ ಸದ್ದು ನಿಲ್ಲುತ್ತೆ," ಅಂದರು ಕೊನೆಗೆ. "ಅದು ಕೇಳಿಸದೇ ಹೋದಾಗ ಇವನು ತಿರುಗ್ತಾನೆ. ಅಂದ್ರೆ ಅವನು ತಿರುಗಿದ್ದಕ್ಕೆ ಅವಳು ಹೋಗಿದ್ದಲ್ಲ. ಅವಳು ಆಗ್ಲೇ ಹೋಗಿಯಾಗಿತ್ತು. ಮೇಷ್ಟ್ರೇ, ಇದು ಎಲ್ಲಿಂದ ಹೊಳೀತು ನಿಮಗೆ?"

ನಾನು ಇವರ ಮುಖ ನೋಡಿದೆ. ಮಾತು ಅವರ ಬಾಯಿಂದಲೇ ಬರಲಿ ಅಂತ ಕಾದೆ. ನಾನೇ ಹೇಳಿದರೆ ಗಂಡನ ಮುಂದೆ ಹೆಂಡತಿ ಕೈಯೆತ್ತಿ ನಾನು ನಾನು ಅಂದ ಹಾಗಾಗುತ್ತದಲ್ಲ ಅನ್ನುವ ಹಾಳು ಸಂಕೋಚ ಬೇರೆ. ಇವರು ಕನ್ನಡಕ ತೆಗೆದರು, ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು.

"ಏನೋ, ಹಾಗೆ ಹೊಳೀತು," ಅಂದರು.

ಮೈಯೆಲ್ಲ ಉರಿದುಹೋಯಿತು. ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡವಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಯಾರಿಗೆ ಹೊಳೀತು ಅದು?"

"ಅಯ್ಯೋ, ಅಷ್ಟಕ್ಕೆಲ್ಲ ಮುಖ ಯಾಕೆ ಊದಿಸ್ಕೊಂಡಿದ್ದೀಯ. ಎಲ್ಲರ ಮುಂದೆ ಅದು ಅವಳದು, ಇದು ನಂದು ಅಂತ ಪಾಲು ಮಾಡ್ತಾ ಕೂರೋಕಾಗುತ್ತಾ? ಒಂದೇ ಮನೆ, ಒಂದೇ ಟೇಬಲ್. ನನಗೆ ಬಂದ್ರೆ ನಿನಗೆ ಬಂದ ಹಾಗಲ್ವಾ?"

"ನನಗೆ ಬಂದ್ರೆ ನಿಮಗೆ ಬಂದ ಹಾಗೆ ಯಾಕಾಗ್ಬಾರ್ದು?"

"ಟೈಟಲ್‌ನಲ್ಲಿ ನಿನ್ನ ಹೆಸರು ಬರುತ್ತೆ ಅಂದಿದ್ದೀನಲ್ಲ. ನೋಡುವೆಯಂತೆ. ಸ್ವಲ್ಪ ಚಹಾ ಮಾಡು."

ಅತ್ತೆ ಕೋಣೆಯಿಂದ ಹೊರಗೆ ಬಂದು ನಮ್ಮಿಬ್ಬರ ಮುಖ ನೋಡಿದರು. ತಾವೇ ಹೋಗಿ ಚಹಾಕ್ಕಿಟ್ಟರು. ಎರಡೇ ಲೋಟ ತಂದರು, ನನಗೊಂದು, ತಮಗೊಂದು.

ಹೆಸರು ಬರುತ್ತದೆ ಅನ್ನುವ ಆ ಒಂದು ಮಾತನ್ನು ಹಿಡಿದುಕೊಂಡು ಹಲ್ಲು ಕಚ್ಚಿ ಕೆಲಸ ಮಾಡಿದೆ. ನನ್ನ ಹೆಂಡತಿಯ ನಡುವಿನ ಹಾಳೆಗಳನ್ನು ನಾನೇ ಬಿಡಿಸಿದೆ, ಬೇರೆ ಯಾರಿಗೂ ಕೊಡಲಿಲ್ಲ. ಅವರ ಗಾಯಕನ ನಡುವಿನದನ್ನೂ ಬಿಡಿಸಿದೆ. ಅವನ ಬೆನ್ನು ನನಗೆ ಬಾಯಿಪಾಠವಾಗಿತ್ತು.

ಚಿತ್ರಕ್ಕೆ ದೊಡ್ಡ ಪ್ರಶಸ್ತಿಯೊಂದು ಬಂತು. ಸಭಾಂಗಣದಲ್ಲಿ ಮಧ್ಯಾಹ್ನ ಚಿತ್ರ ತೋರಿಸಿ, ಆಮೇಲೆ ಪ್ರಶಸ್ತಿ ಕೊಡುವುದು ಅಂತ ಇತ್ತು. ಅತ್ತೆ ಹೊಸ ಸೀರೆ ಉಟ್ಟು, ಕಾಲು ಕಚ್ಚುವ ಹೊಸ ಚಪ್ಪಲಿ ಮೆಟ್ಟಿ ಬಂದಿದ್ದರು. ದೀಪ ಆರಿದಾಗ ನನ್ನ ಕೈ ಹಿಡಿದುಕೊಂಡು, "ನಿನ್ನ ಹೆಸರು ಬಂದಾಗ ಚಿವುಟು, ನನಗೆ ಕನ್ನಡಕದಲ್ಲೂ ಸರಿಯಾಗಿ ಕಾಣಲ್ಲ," ಅಂದರು.

ಹೆಸರುಗಳು ಬಂದವು. ಕೀ ಬಿಡಿಸಿದವರ ಹೆಸರು ಬಂದಾಗ ಮೇಷ್ಟ್ರ ಹೆಸರೊಂದೇ, ದಪ್ಪ ಅಕ್ಷರದಲ್ಲಿ, ಗಾಯಕನ ವಾದ್ಯದ ತಂತಿಗಳ ಮೇಲೆ ಕೂತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಹೆಸರು ಹಿಡಿಸುವಷ್ಟು ಜಾಗ ಖಾಲಿ ಇತ್ತು, ಅಲ್ಲೊಂದು ಚಿಟ್ಟೆ ಹಾರಿ ಹೋಯಿತು. ಆ ಚಿಟ್ಟೆಯ ರೆಕ್ಕೆಯೂ ನಾನೇ ಬಿಡಿಸಿದ್ದು. ಅತ್ತೆ ಕಾದರು. ನಾನು ಚಿವುಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಕೈ ಬಿಡದೆ, ನನ್ನ ಕಡೆ ನೋಡದೆ, ಪರದೆಯ ಕಡೆಗೇ ಮುಖ ಮಾಡಿ ಕೂತರು.

ಮಕ್ಕಳು ನಾಯಿಗೆ ಕೂಗಿದರು, ಆಮೆಯ ಜೋಕಿಗೆ ನಕ್ಕರು. ಕೊನೆಯ ಸೀನಿನಲ್ಲಿ ಹೆಂಡತಿ ನಿಂತಳು. ಹಿಂದಿನ ಸಾಲಿನಿಂದ ಒಂದು ಮಗು, "ಅವಳು ಯಾಕಮ್ಮ ನಿಂತ್ಲು?" ಅಂತ ಕೇಳಿತು. ಅಮ್ಮ ಶ್ ಅಂದಳು.

ಆಮೇಲೆ ಇವರನ್ನು ವೇದಿಕೆಗೆ ಕರೆದರು. ಗಾಜಿನದೊಂದು ಫಲಕ ಕೊಟ್ಟರು. ನಿರೂಪಕಿ ಮೈಕು ಹಿಡಿದು, ಆ ಹೆಜ್ಜೆ ನಿಲ್ಲುವ ಯೋಚನೆ ಬಂದದ್ದು ಹೇಗೆ ಅಂತ ಕೇಳಿದಳು. ಇವರು ಕನ್ನಡಕ ತೆಗೆದು ಒರೆಸಿದರು. ನನಗೆ ಆಗಲೇ ಗೊತ್ತಾಯಿತು.

"ಒಂದು ಭಾನುವಾರ ನಮ್ಮನೆ ಪ್ಯಾಸೇಜಲ್ಲಿ ಈ ಸೀನನ್ನ ನಾನು ಅಭಿನಯ ಮಾಡಿ ನೋಡ್ತಿದ್ದೆ," ಅಂದರು. "ನನ್ನ ಹೆಂಡತಿ ಹಿಂದೆ ಬರ್ತಿದ್ಲು. ನಡೀತಾ ನಡೀತಾ ಇದ್ದಕ್ಕಿದ್ದ ಹಾಗೆ ಅವಳ ಹೆಜ್ಜೆ ಸದ್ದು ಕೇಳಿಸ್ಲಿಲ್ಲ. ಎದೆ ಧಸಕ್ ಅಂತು. ತಿರುಗಿ ನೋಡ್ದೆ. ನಿಂತಿದ್ಲು. ಆ ಕ್ಷಣದಲ್ಲಿ ನನಗನ್ನಿಸಿದ ಭಯ ಇದೆಯಲ್ಲ, ಅದೇ ಈ ಸೀನು."

ಚಪ್ಪಾಳೆ ನಿಲ್ಲಲೇ ಇಲ್ಲ. ಕ್ಯಾಮೆರಾದವನು ನನ್ನನ್ನು ಹುಡುಕಿ ತೋರಿಸಿದ. ಅಷ್ಟು ದೊಡ್ಡ ಪರದೆಯ ಮೇಲೆ ನನ್ನ ಮುಖ ಬಂತು, ಗಾಯಕನ ಹೆಂಡತಿಯ ಮುಖವಾಗಿ. ಅಕ್ಕಪಕ್ಕದವರು ಒದ್ದೆ ಕಣ್ಣಿನಲ್ಲಿ ನೋಡಿ ನಕ್ಕರು. ನನ್ನ ಕೆಲಸ ಕದ್ದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ತಿರುಗಿ ನೋಡದ ಗಂಡಸು ತಿರುಗಿ ನೋಡಿದೆ ಅಂತ ಊರ ಮುಂದೆ ಹೇಳಿ, ಅದಕ್ಕೆ ಸಾಕ್ಷಿಯಾಗಿ ನನ್ನನ್ನೇ ಕೂರಿಸಿದ್ದನ್ನು ನುಂಗಲಾಗಲಿಲ್ಲ. ಫ್ರಿಜ್ ತೆರೆದ ಸದ್ದು ಸಮೇತ ಆ ಭಾನುವಾರ ನನ್ನ ಚೀಲದಲ್ಲಿ, ನನ್ನ ಫೋನಿನಲ್ಲಿ ಇತ್ತು. ತೋರಿಸುವುದಾದರೂ ಯಾರಿಗೆ?

"ಯಾವಾಗ ತಿರುಗಿದ್ದ ಇವನು?" ಅತ್ತೆ ಕಿವಿಯಲ್ಲಿ ಕೇಳಿದರು.

"ಈಗ ತಾನೇ ತಿರುಗಿದ್ರಲ್ಲ, ಅತ್ತೆ. ವೇದಿಕೆ ಮೇಲೆ."

ಎಲ್ಲ ಮುಗಿದ ಮೇಲೆ ಜನ ಮುತ್ತಿಕೊಂಡರು. ಎರಡೂ ಕೈಯಿಂದ ಕೈ ಕುಲುಕಬೇಕಾಗಿ ಬಂದದ್ದರಿಂದ ಇವರು ಗಾಜಿನ ಫಲಕವನ್ನು ನನ್ನ ಕೈಗೆ ಕೊಟ್ಟರು. ಭಾರವಾಗಿತ್ತು. ಸಭಾಂಗಣದ ಪಕ್ಕದಿಂದ ಕಾರು ನಿಲ್ಲಿಸುವ ಜಾಗಕ್ಕೆ ಉದ್ದನೆಯ ಕಲ್ಲುಹಾಸಿನ ದಾರಿ. ಇನ್ನೂ ಬಿಸಿಲಿತ್ತು. ಇವರು ಮುಂದೆ, ನಾನು ಹಿಂದೆ, ನನ್ನ ಹಿಂದೆ ಚಪ್ಪಲಿ ಕಚ್ಚಿಸಿಕೊಂಡು ಅತ್ತೆ. ಇವರು ನೆಲ ಬಿಟ್ಟು ಒಂದು ಗೇಣು ಮೇಲೆ ನಡೆಯುತ್ತಿದ್ದರು. ಮುಂದೆ ನೋಡಿಕೊಂಡೇ ಮಾತಾಡುತ್ತಿದ್ದರು.

"ನಿರ್ದೇಶಕರು ಮುಂದಿನದನ್ನೂ ಒಪ್ಕೊಂಡ್ರು. ಗೂಳಿ ತಲೆ ಮನುಷ್ಯನ ಕಥೆ. ದಾರಿ ತಪ್ಪಿಸೋ ಕೋಟೆ ಒಳಗಿರ್ತಾನಲ್ಲ, ಅವನು. ಗೂಳಿ ನಾನು ಮಾಡ್ತೀನಿ, ವೀರನೂ ನಾನೇ. ದಾರದುಂಡೆ ಹಿಡ್ಕೊಂಡು ಬಾಗಿಲಲ್ಲಿ ನಿಂತು ಕಾಯೋಳು ಒಬ್ಬಳಿದ್ದಾಳೆ, ಅವಳನ್ನ ನೀನು ಮಾಡು. ಈ ಸಲ ಹೆಸರಿನ ವಿಷಯ ಗಟ್ಟಿಯಾಗಿ ಹೇಳ್ತೀನಿ. ಸೋಮವಾರದಿಂದಲೇ ಶುರು ಮಾಡ್ಕೋಬಹುದು."

ನಾನು ನಿಂತೆ.

ಹಟಕ್ಕೆ ನಿಂತದ್ದಲ್ಲ. ಪರೀಕ್ಷೆ ಮಾಡೋಣ ಅಂತಲೂ ಅಲ್ಲ. ಕಾಲು ಮುಂದೆ ಹೋಗಲಿಲ್ಲ, ಅಷ್ಟೆ. ಹಿಂದೆ ಅತ್ತೆಯ ಚಪ್ಪಲಿ ಸದ್ದೂ ನಿಂತಿತು. ಇವರು ಮಾತಾಡುತ್ತಲೇ ಇದ್ದರು. ದಾರದ ಬಣ್ಣ ಏನಿರಬೇಕು, ಕೋಟೆಯ ಗೋಡೆಗೆ ಪಾಚಿ ಇರಬೇಕೋ ಬೇಡವೋ ಅಂತ ಯಾರಿಗೋ ಹೇಳುತ್ತ ಕಲ್ಲುಹಾಸು ಮುಗಿಯುವ ತನಕ ಹೋದರು.

"ನೋಡೋಣ ನಿಲ್ಲು," ಅಂದರು ಅತ್ತೆ ಮೆಲ್ಲಗೆ. ಅವರ ದನಿಯಲ್ಲಿ ಕುಚೋದ್ಯ ಇರಲಿಲ್ಲ. ಶಾಲೆಯ ಗೇಟಿನಲ್ಲಿ ನಿಂತವರ ದನಿ ಅದು.

ಇವರು ಕಾರಿನ ಹತ್ತಿರ ಹೋದರು. ಬೀಗ ತೆಗೆದರು. ಬಾಗಿಲು ತೆರೆದು ಹಿಡಿದುಕೊಂಡರು. ಆಗ ತಿರುಗಿದರು. ನಾನು ನಿಜ ಹೇಳಬೇಕು, ಆ ಗಳಿಗೆಯಲ್ಲೂ ನನಗೆ ಆಸೆ ಹುಟ್ಟಿತು. ತಿರುಗಿದರಲ್ಲ ಅನ್ನಿಸಿತು. ಅವರ ಕಣ್ಣು ನನ್ನ ಮುಖದ ಮೇಲೆ ಬರಲಿಲ್ಲ. ಕೈಯ ಮೇಲೆ ಬಂತು.

"ಅದನ್ನ ಹುಷಾರಾಗಿ ಹಿಡ್ಕೋ," ಅಂದರು. "ಗಾಜು."

ಎತ್ತಿ ಕಲ್ಲಿಗೆ ಕುಕ್ಕಬೇಕು ಅನ್ನಿಸಿತು. ಕುಕ್ಕಿದರೆ ಅದೂ ಅವರ ಕಥೆಯೇ ಆಗುತ್ತಿತ್ತು, ಮುಂದಿನ ವೇದಿಕೆಯಲ್ಲಿ ಹೇಳಿಕೊಳ್ಳುವುದಕ್ಕೆ. ಅತ್ತೆ ನನ್ನ ಕೈಯಿಂದ ಅದನ್ನು ಬಿಡಿಸಿಕೊಂಡರು.

"ಕೊಡು ಇಲ್ಲಿ. ನಾನು ಹೋಗ್ತೀನಿ ಅವನ ಜೊತೆ. ಹೆತ್ತಿದ್ದೀನಿ, ಹೋಗ್ಲೇಬೇಕು." ಸ್ವಲ್ಪ ತಡೆದರು. "ನಿನಗೇನು ಬಂದಿದೆ? ನೀನು ಬರಬೇಡ."

ಆ ಕಚ್ಚುವ ಚಪ್ಪಲಿಯಲ್ಲಿ, ಗಾಜನ್ನು ಎರಡೂ ಕೈಯಲ್ಲಿ ಹಿಡಿದು, ಅವರು ಕಾರಿನ ಕಡೆ ಹೊರಟರು. ನಾನು ಗೇಟಿನ ಕಡೆ ಹೊರಟೆ. ಗೇಟು ದಾಟಿದ ಮೇಲೆ ಬಸ್ಸು ಬರುತ್ತಿದೆಯೇ ಅಂತ ನೋಡಲು ತಿರುಗಿದಾಗ ಕಾರು ನಿಂತಿದ್ದ ಜಾಗ ಕಂಬಿಗಳ ಆಚೆ ಖಾಲಿಯಾಗಿತ್ತು.

ಮೊದಲ ಹಾಳೆಯಲ್ಲಿ ಒಬ್ಬ ಗಂಡಸು ಕಾರಿನ ಬಾಗಿಲು ಹಿಡಿದು ನಿಂತಿದ್ದ. ಕೊನೆಯ ಹಾಳೆಯಲ್ಲಿ ಕಾರೂ ಇರಲಿಲ್ಲ, ಅವನೂ ಇರಲಿಲ್ಲ. ಕರೆದರೋ, ಕಾದರೋ, ಬಾಗಿಲು ಬಿಟ್ಟು ನನ್ನ ಕಡೆ ನಾಲ್ಕು ಹೆಜ್ಜೆ ಬಂದರೋ ನನಗೆ ಗೊತ್ತಿಲ್ಲ. ನಡುವಿನದೆಲ್ಲ ಯಾವಾಗಲೂ ನನ್ನ ಕೆಲಸವಾಗಿತ್ತು. ಅದನ್ನು ನಾನು ಬಿಡಿಸಲಿಲ್ಲ.